ಮೂವತ್ತೆರಡು ತೂತಿನ ತಟ್ಟೆ

ಸೆಪ್ಟೆಂಬರ್ 12, ಶುಕ್ರವಾರ. ಮಧ್ಯಾಹ್ನ 3.10

ನನ್ನ ಬಿತ್ತುವ ಯಂತ್ರದ ಕೆಳಗಿನ ಬೆಲ್ಟಿಗೆ, ಬಿದ್ದ ಕಾಳು ಉರುಳದಿರಲೆಂದು, ಆರನೇ ಸಲ ಗ್ರೀಸ್ ಬಳಿದೆ. ಐದು ಮೀಟರ್. ಮೊಣಕೈವರೆಗೂ ಗ್ರೀಸ್, ಕಿವಿಯ ಮೇಲೂ ಸ್ವಲ್ಪ. ಫ್ಯಾನ್ ಹಚ್ಚಿದೆ. ಗಾಳಿ ಎಳೆಯಿತು. ತಟ್ಟೆಯ ಒಂದೊಂದು ತೂತಿಗೆ ಒಂದೊಂದು ಜೋಳದ ಕಾಳು ಬಂದು ಅಂಟಿ, ಜೊತೆಗೇ ಸುತ್ತಿ, ಕೆಳಗೆ ಗಾಳಿ ಕಡಿಯುವ ಜಾಗಕ್ಕೆ ಬಂದ ಕೂಡಲೇ ಗ್ರೀಸಿನ ಮೇಲೆ ಬಿತ್ತು. ತೂತು ಮೂವತ್ತೆರಡು. ಕಾಳೂ ಮೂವತ್ತೆರಡು. ಹದಿನೈದು ಸೆಂಟಿಮೀಟರಿಗೆ ಒಂದು. ಎರಡು ಸಲ ಎಣಿಸಿದೆ. ಮೂರನೇ ಸಲ ಬರೀ ಖುಷಿಗೆ.

ಮಾವ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದರು. ಮೂರು ತಲೆಮಾರು ಕೂರಿಗೆ ಮಾಡಿದ ಮನೆತನ. ಮೇಲಿನ ಬಟ್ಟಲಿಗೆ ಕೈಯಿಂದ ಕಾಳು ಬಿಟ್ಟರೆ ನಳಿಗೆಯಲ್ಲಿ ಜಾರಿ ಮಣ್ಣಿಗೆ ಹೋಗುತ್ತದೆ — ಅವರಿಗೆ ಬಿತ್ತನೆ ಎಂದರೆ ಅದು. "ಶೆಡ್ಡಿನ್ಯಾಗ ಛಲೋ ಐತಿ" ಎಂದು ಹೋದರು.

ಟೆಸ್ಟ್ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಬರೆಯುವುದೇ ಕ್ಷೇಮ. ಬರೀ ಅಂಕಿ ಇರುತ್ತದೆಂದು ಮನೆಯಲ್ಲಿ ಯಾರೂ ಇದನ್ನು ಮುಟ್ಟುವುದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಊಟಕ್ಕೆ ಕುಳಿತಾಗ ಮಾವ ಮಾತು ತೆಗೆದರು. "ಶಿರಗುಪ್ಪ್ಯಾಗ ಹನಮೇಶ ನಾಕ ಎಕರೆ ಕೊಡ್ತೇನಿ ಅಂದಾನ. ಈ ಹಿಂಗಾರಿ ಒಂದು ಬಿತ್ತಿಗಿ ಮಾಡಿ ನೋಡವಾ ಆರತಿ. ಬೆಳಿ ಸಾಲು ಹಿಡದು ಎದ್ರ ಮಷೀನೂ ನಿಂದ, ಶೆಡ್ಡೂ ನಿಂದ. ಏಳಲಿಲ್ಲಂದ್ರ ಮನಿ ನೋಡ್ಕೊಂಡು ಆರಾಮ ಇರು. ಮತ್ತ ಆ ಮಾತು ತಗೀಬಾರದು."

ಹೂಂ ಎಂದೆ. ನನ್ನ ಗಂಡ ಶಿವಯೋಗೀಶ ರೊಟ್ಟಿ ಮುರಿಯುತ್ತಿದ್ದ. ದುರ್ಗದಬೈಲಿನ ಅಂಗಡಿಯಲ್ಲಿ ಗಿರಾಕಿಗಳ ಜೊತೆ ದಿನವಿಡೀ ಬಾಯಿ. ಅಪ್ಪನ ಎದುರು ರೊಟ್ಟಿ ಮುರಿಯುವ ಸದ್ದು ಮಾತ್ರ.

ಆರಾಮ ಇರು. ಆ ಆರಾಮ ನನಗೆ ಗೊತ್ತು. ಮದುವೆಯಾದ ಮೇಲೆ ಮೂರು ವರ್ಷ ಅದನ್ನೇ ಉಂಡೆ. ಮೆಕ್ಯಾನಿಕಲ್‌ನಲ್ಲಿ ಡಿಸ್ಟಿಂಕ್ಷನ್ ತೆಗೆದುಕೊಂಡು ಹಾಲು ಉಕ್ಕದಂತೆ ಕಾಯುತ್ತ ನಿಲ್ಲುವುದು. ಅಲ್ಲಿಂದ ಬಿಡಿಸಿದವರು ಅತ್ತೆ. ಬಾಳವ್ವ, ನಾಲ್ಕನೇ ಇಯತ್ತೆವರೆಗೆ ಓದಿದವರು. "ಕಲ್ತಾಕಿನ ಕೈ ಕಟ್ಟಿ ಕೂಡಸಬ್ಯಾಡ್ರಿ" ಎಂದು ಮಾವನ ಹತ್ತಿರ ಜಗಳ ತೆಗೆದು ಎರಡು ದಿನ ಊಟ ಬಿಟ್ಟಿದ್ದರು. ಮೂರನೇ ದಿನ ಶೆಡ್ಡಿನ ಕೀಲಿಕೈ ನನ್ನ ಕೈಗೆ ಬಂತು.

ಸೆಪ್ಟೆಂಬರ್ 20, ಶನಿವಾರ

ಸೋಮವಾರ ಬಿತ್ತೋಣ ಎಂದು ಹನಮೇಶನಿಗೆ ಫೋನ್ ಮಾಡಿದೆ. 

"ಸೋಮವಾರ ನಾವು ಎತ್ತಿಗೆ ನೊಗಾ ಇಡಂಗಿಲ್ರಿ ಅಕ್ಕಾರ."

"ಬಿತ್ತೂದು ಟ್ರಾಕ್ಟರಲ್ರೀ?"

"ಟ್ರಾಕ್ಟರ್ ಇದ್ದೀತ್ರಿ. ಹೊಲಾ ಅದನ ಅಲ್ರೀ?"

ಬಿತ್ತನೆ ಗುರುವಾರಕ್ಕೆ ನಿಗದಿಯಾಯಿತು.

ಸೆಪ್ಟೆಂಬರ್ 25, ಗುರುವಾರ. ಸಂಜೆ 5.30

ಬಿತ್ತನೆ ಆಯಿತು. ಬರೆಯಬೇಕಾದ್ದು ಬಿತ್ತನೆಯ ವಿಷಯವಲ್ಲ.

ಎಂಬತ್ತು ಜನ ಸೇರಿದ್ದರು. ಗಾಳಿ ಬಿತ್ತುತ್ತದಂತೆ ನೋಡೋಣ ಎಂದು ಪಕ್ಕದ ಊರಿನವರೂ ಬಂದಿದ್ದರು. ಯಂತ್ರಕ್ಕೆ ನಾಲ್ಕು ಪೆಟ್ಟಿಗೆ, ನಾಲ್ಕು ಸಾಲು. ಜನರಿಗೆ ಕಾಣಲಿ ಎಂದು ಮೂರನೆಯದರ ಮುಚ್ಚಳ ತೆಗೆದಿಟ್ಟಿದ್ದೆ. ಅದೇ ಮುಳುವಾಯಿತು.

"ಪೂಜಿ ಸೊಸಿ ಕೈಲೆ ಆಗಲಿ" ಎಂದರು ಅತ್ತೆ. ವಿಭೂತಿ ಹಚ್ಚಿದೆ. ಚೆಂಡು ಹೂವಿನ ಮಾಲೆ ಹಾಕಿದೆ. ಕಾಯಿ ಒಡೆದೆ. ಆಮೇಲೆ ಅತ್ತೆ ಹಿತ್ತಾಳೆ ಹರಿವಾಣ ಮುಂದೆ ಹಿಡಿದರು. ಅರಿಷಿಣ, ತುಪ್ಪ ಸವರಿದ ಅಕ್ಕಿಕಾಳು.

"ಪೆಟಗಿಯೊಳಗ ಹಾಕವಾ. ಐದು ಹಿಡಿ."

ಕೂರಿಗೆಯ ಬಟ್ಟಲಿಗೆ ಈ ಮನೆಯವರು ಹಾಕುವುದು ಹಾಗೆಯೇ. ಅಲ್ಲಿ ಜೋಳದ ಜೊತೆ ಅಕ್ಕಿಯೂ ಜಾರಿ ಮಣ್ಣು ಸೇರುತ್ತದೆ, ಯಾರಿಗೂ ತೊಂದರೆ ಇಲ್ಲ. ಇಲ್ಲಿ ಗಾಳಿ ಎಳೆಯುತ್ತದೆ. ಜೋಳದ ಕಾಳು ದುಂಡಗೆ, ತೂತಿನ ಬಾಯಲ್ಲಿ ಕೂರುತ್ತದೆ. ಅಕ್ಕಿಯ ತುದಿ ಚೂಪು, ತೂತಿನೊಳಗೇ ಹೋಗಿ ಸಿಕ್ಕಿಕೊಳ್ಳುತ್ತದೆ. ತುಪ್ಪ ಬೇರೆ. ಇದೆಲ್ಲ ಆ ಕ್ಷಣದಲ್ಲೇ ಗೊತ್ತಿತ್ತು. ಕೈ ತಡೆಯಿತು. ಅತ್ತೆಯ ಮುಖ ನೋಡಿದೆ. ನನ್ನ ಮದುವೆಯಲ್ಲೂ ಅಷ್ಟು ಸಂಭ್ರಮ ಕಂಡಿರಲಿಲ್ಲ. ಬೇಡ ಎನ್ನಲು ಎರಡೇ ಅಕ್ಷರ. ಬಾಯಿಗೆ ಬರಲಿಲ್ಲ.

ಐದು ಹಿಡಿ ಹಾಕಿದೆ. ಜನ ಸರಿದ ಮೇಲೆ ಮೆಲ್ಲಗೆ ಬಾಚಿ ತೆಗೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಡ್ರೈವರ್ ದತ್ತು ಮುಚ್ಚಳ ಹಾಕಿ ಟ್ರಾಕ್ಟರ್ ಹೊರಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸೆಪ್ಟೆಂಬರ್ 27, ಶನಿವಾರ

ಎರಡು ದಿನ. ಜೋಳ ಕಾಣಿಸಿಕೊಳ್ಳಲು ಐದು ಬೇಕು. ಒಂದು ಹಿಡಿಯಿಂದ ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹಾಕಿದ್ದು ಐದು ಹಿಡಿ.

ಸೆಪ್ಟೆಂಬರ್ 30, ಮಂಗಳವಾರ. ಬೆಳಿಗ್ಗೆ 6.50

ಹನಮೇಶನ ಫೋನ್. "ಅಕ್ಕಾರ, ಮೂರು ಸಾಲು ಹಗ್ಗ ಹಿಡದಂಗ ಎದ್ದಾವರಿ. ಆದ್ರ ನಾಕಕ್ಕೊಂದು ಸಾಲು ಹಲ್ಲು ಬಿದ್ದ ಬಾಯಿ ಆಗೇತಿ. ಇರುವಿ ತಿಂದುವೋ ಏನೋ… ಒಮ್ಮೆ ಬಂದ ನೋಡಿ ಹೋಗ್ರಲಾ."

ಅದೇ ದಿನ, 2.15

ನೋಡಿ ಬಂದೆ. ಇರುವೆಯಲ್ಲ. ಟೇಪ್ ಹಿಡಿದು ಅಳೆದೆ. ಸಸಿ ಇಲ್ಲದ ಜಾಗಗಳು ಪ್ರತಿ ನಾಲ್ಕು ಮೀಟರ್ ಎಂಬತ್ತು ಸೆಂಟಿಮೀಟರಿಗೆ ಮತ್ತೆ ಅದೇ ಕ್ರಮದಲ್ಲಿ ಬರುತ್ತವೆ. ತಟ್ಟೆ ಒಂದು ಸುತ್ತು ಸುತ್ತುವ ಅಳತೆ ಅದು. ಇರುವೆಗಳಿಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು?

ಶೆಡ್ಡಿಗೆ ಹೋಗಿ ಮೂರನೇ ಪೆಟ್ಟಿಗೆ ಬಿಚ್ಚಿದೆ. ಮೂವತ್ತೆರಡು ತೂತಿನಲ್ಲಿ ಒಂಬತ್ತಕ್ಕೆ ಅಕ್ಕಿಕಾಳು ಬಡಿದುಕೊಂಡಿದೆ. ಹಳದಿ. ಉಳಿದ ಮೂರು ಪೆಟ್ಟಿಗೆಗಳಲ್ಲಿ ಒಂದು ತೂತೂ ಮುಚ್ಚಿಲ್ಲ. ಮಷೀನು ಸರಿ ಇದೆ. ಹೇಳಬೇಕಾದ್ದು ಒಂದೇ ವಾಕ್ಯ. ಆ ವಾಕ್ಯದ ಕೊನೆಯಲ್ಲಿ ಅತ್ತೆ ನಿಂತಿದ್ದಾರೆ, ಹರಿವಾಣ ಹಿಡಿದು.

ತಟ್ಟೆಯನ್ನು ಹಳೆಯ ಓಢಣಿಯಲ್ಲಿ ಸುತ್ತಿ ಮನೆಗೆ ತಂದೆ. ಅಲ್ಮೇರಾದಲ್ಲಿ, ಸೀರೆಗಳ ಕೆಳಗೆ.

ಅಕ್ಟೋಬರ್ 1, ಬುಧವಾರ

ಆಯುಧ ಪೂಜೆ. ಲೇಥಿಗೆ, ಡ್ರಿಲ್ಲಿಗೆ, ಸುತ್ತಿಗೆಗೂ ಹೂವು. ನನ್ನ ಯಂತ್ರದ ಮೇಲೆ ಮಾತ್ರ ತಾಡಪಾಲು. ಯಾರು ಹೊದಿಸಿದರು ಎಂದು ಕೇಳಲಿಲ್ಲ.

ಅಕ್ಟೋಬರ್ 2, ಗುರುವಾರ

ಹನಮೇಶ ಬನ್ನಿ ಕೊಡಲು ಬಂದಿದ್ದ. ಒಳ್ಳೆಯ ಮನುಷ್ಯ. ಖಾಲಿ ಜಾಗಕ್ಕೆ ಹೆಣ್ಣಾಳು ಹಚ್ಚಿ ಕೈಯಿಂದಲೇ ಕಾಳು ಊರಿಸಿದ್ದಾನೆ, ದೂರಲಿಲ್ಲ. ಆದರೆ ಮಾವ ಕೇಳಿದರು, ಅವನು ಇದ್ದದ್ದು ಹೇಳಿದ. 

ಅವನು ಹೋದ ಮೇಲೆ ಮಾವ ನನಗೂ ಬನ್ನಿ ಕೊಟ್ಟು, ಬಂಗಾರದಂತೆ ಇರೋಣ ಎಂದರು. ಅದೇ ಕೈ ಮುಂದೆ ಚಾಚಿದರು. "ಕೀಲಿಕೈ ಕೊಡವಾ."

ಕೊಟ್ಟೆ. ಪಡಸಾಲೆಯ ಮೊಳೆಗೆ ತೂಗುಹಾಕಿದರು. ಅಡುಗೆಮನೆಯಿಂದ ಹೊರಗೆ ಬಂದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಶಿವಯೋಗೀಶ ಹೇಳಿದ: "ಅಪ್ಪಾರು ಸಿಟ್ಟಿನ್ಯಾಗ ಹೇಳಿಲ್ಲಲ್ಲ, ಶಾಂತ ರೀತಿಲೇ ಹೇಳ್ಯಾರ." ಹೌದು. ಅದೇ ನನ್ನ ಸಂಕಟ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು.

ಅಕ್ಟೋಬರ್ 9, ಗುರುವಾರ

ಹಾಲು ಉಕ್ಕಲಿಲ್ಲ.

ಅಕ್ಟೋಬರ್ 11, ಶನಿವಾರ. ಬೆಳಿಗ್ಗೆ 11

ಯಾರೂ ಕೂಡಿಹಾಕಿಲ್ಲ. ಬಾಗಿಲು ತೆರೆದೇ ಇದೆ. ನಮ್ಮ ದೇಶಪಾಂಡೆ ನಗರದಲ್ಲಿ ಎಷ್ಟು ಹೊತ್ತು ಬೇಕಾದರೂ ತಿರುಗಾಡಿ ಬರಬಹುದು. ತಿರುಗಿ ಬರಬೇಕಾದ್ದು ಮಾತ್ರ ಇಲ್ಲಿಗೇ.

ಅತ್ತೆ ಎರಡು ಸಲ ಕೇಳಿದರು, ಮಷೀನಿಗೆ ಏನಾಯಿತು ಎಂದು. ಗೊತ್ತಿಲ್ಲ ಎಂದೆ. ನನಗಾಗಿ ಊಟ ಬಿಟ್ಟವರಿಗೆ, ನಿಮ್ಮ ಅಕ್ಕಿಕಾಳಿನಿಂದಲೇ ಎಂದು ಹೇಗೆ ಹೇಳಲಿ? ಮಾವ ಅದನ್ನು ಸಾಯುವತನಕ ಆಡಿ ತೋರಿಸುತ್ತಾರೆ. ಅದು ಖರೆ. ಇದೂ ಖರೆ — ಈ ಊರಲ್ಲಿ ಬಿತ್ತುವ ಯಂತ್ರಕ್ಕೆ ಪೂಜೆ ಆಗಿಯೇ ಆಗುತ್ತದೆ. ಧೂಳು, ಬಿಸಿಲು, ಟ್ರಾಕ್ಟರಿನ ಕುಲುಕಾಟ ಎಲ್ಲ ಲೆಕ್ಕಕ್ಕೆ ಹಿಡಿದೆ. ಪೂಜೆ ಹಿಡಿಯಲಿಲ್ಲ. ಎಂಥ ಇಂಜಿನಿಯರ್ ನಾನು!

ಅಕ್ಟೋಬರ್ 13, ಸೋಮವಾರ. ಮಧ್ಯಾಹ್ನ 4

ಸಿಕ್ಕಿಬಿದ್ದೆ. ಇಸ್ತ್ರಿ ಸೀರೆ ಇಡಲು ಅತ್ತೆ ಅಲ್ಮೇರಾ ತೆರೆದಿದ್ದಾರೆ. ನಾನು ಕೋಣೆಗೆ ಬಂದಾಗ ತಟ್ಟೆ ಅವರ ತೊಡೆಯ ಮೇಲಿತ್ತು. 

"ಇದರಾಗ ಅಕ್ಕಿಕಾಳು ಯಾಕ ಅದಾವು?"

"ಪರೀಕ್ಷಾ ಮಾಡಾಕ ನಾನ ಹಾಕಿದ್ದೆ ಅತ್ತಿ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಅರಿಷಿಣ ಹಚ್ಚಿ ಪರೀಕ್ಷಾ ಮಾಡ್ತಾರೇನು?"

ಅವರ ಎದುರು ನೆಲಕ್ಕೆ ಕುಳಿತೆ. ಗಾಳಿ, ತೂತು, ತುಪ್ಪ — ಎಲ್ಲ ಹೇಳಿದೆ. ನಿಮ್ಮ ಮನಸ್ಸಿಗೆ ನೋವಾದೀತು ಎಂದು ಸುಮ್ಮನಿದ್ದೆ ಎಂದೆ. ಅತ್ತೆ ಕೇಳಿಸಿಕೊಂಡರು. ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ, ಅಳುತ್ತಾರೆ ಎಂದುಕೊಂಡಿದ್ದೆ.

"ಆವತ್ತ ಕೈ ತಡದಿ, ನಾ ನೋಡೇನಿ. ಬ್ಯಾಡ್ರಿ ಅತ್ತಿ, ತೂತು ಮುಚ್ಚತಾವ ಅಂದಿದ್ರ ನಾ ಹಾಕಸ್ತಿದ್ನೇನು?" ತಟ್ಟೆಯನ್ನು ಓಢಣಿಯಲ್ಲಿ ತಿರುಗಿ ಸುತ್ತಿದರು, ಮಗುವಿಗೆ ಸುತ್ತಿದಂತೆ. "ಈಗಷ್ಟ ಹೇಳಿದಿ. ನನಗ ತಿಳೀತಿಲ್ಲೋ? ನಾ ತಿಳಕೊಳ್ಳಲಾರದಾಕಿ ಅಂತ ನೀನೂ ಅನಕೊಂಡಿ."

ನೀನೂ. ಎದ್ದು ಹೋದರು. ಮೂರು ವರ್ಷ ಈ ಮನೆ ನನ್ನ ಬಗ್ಗೆ ಅಂದುಕೊಂಡದ್ದನ್ನೇ ನಾನು ಅವರ ಬಗ್ಗೆ ಅಂದುಕೊಂಡಿದ್ದೆ. ನಾಚಿಕೆಯಾಗುತ್ತಿದೆ.

ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 9.40

ಚಹಾದ ಜೊತೆ ತಟ್ಟೆಯನ್ನೂ ಅತ್ತೆ ಮಾವನ ಮುಂದಿಟ್ಟರು. ನಾನು ಅಡುಗೆಮನೆಯ ಬಾಗಿಲಲ್ಲಿ.

"ಮಷೀನಿನ ತಪ್ಪಲ್ಲ. ನಾ ಹಾಕಿಸಿದ ಅಕ್ಕಿಕಾಳು. ಹುಡಿಗಿ ಕೀಲಿಕೈ ಹುಡಿಗಿಗೆ ಕೊಡ್ರಿ."

ಮಾವ ಕನ್ನಡಕ ಹಾಕಿಕೊಂಡರು. ಒಂಬತ್ತನ್ನೂ ಎಣಿಸಿದರು. ಈಗ ಎಲ್ಲ ಸರಿಹೋಗುತ್ತದೆ ಎಂದು, ದೇವರಾಣೆ, ನನಗೆ ಅನ್ನಿಸಿತು. ಅವರು ತಟ್ಟೆ ಕೆಳಗಿಟ್ಟು ಚಹಾ ಮುಗಿಸಿದರು.

"ಪೂಜಿ ಅಕ್ಕಿಕಾಳು ತಡಕೊಳ್ಳಲಾರದ ಮಷೀನು ನಮ್ಮ ನೆಲಕ್ಕ ಆಗೂದಲ್ಲ. ನಾನೂರು ಮಂದಿ ರೈತರಿಗೆ ಕೂರಿಗಿ ಕೊಟ್ಟೇನಿ. ಪೂಜಿ ಮಾಡಬ್ಯಾಡ್ರಿ ಅಂತ ಅವರಿಗೆ ಹೇಳಲೇನು? ಆತು, ಬಿಡ್ರಿ."

ಮುಗಿಯಿತು. ಸತ್ಯ ಹೇಳಿದರೆ ಬಾಗಿಲು ತೆರೆಯುತ್ತದೆ ಎಂದುಕೊಂಡಿದ್ದರೂ ಹದಿನೈದು ದಿನ ಅದನ್ನು ಬಚ್ಚಿಟ್ಟಿದ್ದೆ. ಹೇಳಿದ್ದೂ ಆಯಿತು. ಬಾಗಿಲು ಇನ್ನಷ್ಟು ಗಟ್ಟಿಯಾಗಿ ಮುಚ್ಚಿಕೊಂಡಿತು. ಅವರ ಮಾತಿನಲ್ಲಿ ಹುರುಳಿದೆ ಎನ್ನುವುದು ಇನ್ನೂ ಉರಿ.

ಅಕ್ಟೋಬರ್ 15, ಬುಧವಾರ. ಬೆಳಿಗ್ಗೆ 11.20. ಶೆಡ್ಡು

ಹೌದು, ಶೆಡ್ಡಿನಲ್ಲೇ ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಮಾವ ಬ್ಯಾಂಕಿಗೆ ಹೋದರು. ಅತ್ತೆ ಪಡಸಾಲೆಗೆ ಹೋಗಿ ಮೊಳೆಯಿಂದ ಕೀಲಿಕೈ ತೆಗೆದರು. ಆ ಮೊಳೆಗೆ ಅವರು ಕೈ ಹಾಕಿದ್ದನ್ನು ಈವರೆಗೆ ನಾನು ಕಂಡಿರಲಿಲ್ಲ. "ಆಟೋ ಕರಿ" ಎಂದರು. ಆಟೋದಲ್ಲಿ ಮಡಿಲ ಮೇಲೆ ಹರಿವಾಣ, ಅದರಲ್ಲಿ ಅಕ್ಕಿಕಾಳು, ಮಷೀನಿನ ತಟ್ಟೆ. ರೈಲ್ವೆ ಗೇಟಿನ ಹತ್ತಿರ ಬಾಯಿ ಬಿಟ್ಟರು: "ಅಕ್ಕಿಕಾಳು ಮಣ್ಣಿಗೆ ಬಿದ್ರ ಸಾಕು ಅಲ್ಲೇನವಾ? ನಿನ್ನ ಗಾಳಿ ದಾರಿಲೇ ಯಾಕ ಹೋಗಬೇಕು? ಅದಕ್ಕ ಬ್ಯಾರೆ ದಾರಿ ಮಾಡು."

ಇಷ್ಟೇ. ಬಿ.ಇ. ಓದಿದವಳಿಗೆ ಹೊಳೆಯಲಿಲ್ಲ.

ಶೆಡ್ಡಿನ ಮೂಲೆಯಲ್ಲಿ ಮಾವನ ಅಪ್ಪ ಮಾಡಿದ ಕೂರಿಗೆಯ ಕಟ್ಟಿಗೆ ಬಟ್ಟಲು ಬಿದ್ದಿತ್ತು. ಮೂರನೇ ಪೆಟ್ಟಿಗೆಯ ಪಕ್ಕಕ್ಕೆ ತಂತಿಯಿಂದ ಬಿಗಿದೆ. ಕೆಳಗೆ ಒಂದು ಮೊಳ ಪೈಪು. ಬೀಜದ ಪೆಟ್ಟಿಗೆಯ ಮುಚ್ಚಳಕ್ಕೆ ನಟ್ಟು ಹಾಕಿ ಬಿಗಿ ಮಾಡಿದೆ. ತಟ್ಟೆಯ ಒಂಬತ್ತು ತೂತನ್ನೂ ಸೂಜಿಯಿಂದ ಬಿಡಿಸಿದ್ದು ಅತ್ತೆ, ಕನ್ನಡಕ ಇಲ್ಲದೆ. ಬೆಲ್ಟಿಗೆ ಗ್ರೀಸ್ ಬಳಿದೆ. ಅತ್ತೆ ಬಟ್ಟಲಿಗೆ ಐದು ಹಿಡಿ ಅಕ್ಕಿಕಾಳು ಹಾಕಿದರು, ಪೂರ್ತಿ ಭಕ್ತಿಯಿಂದ. ಪೈಪಿನಿಂದ ಕೆಳಗಿಟ್ಟ ಬಕೆಟಿಗೆ ಜಾರಿದವು. ಫ್ಯಾನ್ ಹಚ್ಚಿದೆ. ತಟ್ಟೆ ಒಂದು ಸುತ್ತು. ನಿಲ್ಲಿಸಿದೆ.

ಈಗ ಎಣಿಸುತ್ತ ಬರೆಯುತ್ತಿದ್ದೇನೆ. ಒಂದೊಂದು ಕಾಳಿಗೂ ಒಂದೊಂದು ಗೀಟು. ಹದಿನೆಂಟು. ಹತ್ತೊಂಬತ್ತು. ಎಲ್ಲೂ ಖಾಲಿ ಇಲ್ಲ. ಇಪ್ಪತ್ತಮೂರು. ಇಪ್ಪತ್ತಾರು.

ಗೇಟಿನ ಸದ್ದು. ಮಾವನ ಕಾರು.

ಏಳಹೋದೆ, ಅತ್ತೆ ನನ್ನ ಭುಜ ಹಿಡಿದು ಕೂರಿಸಿದರು. "ನೀ ಎಣಸು. ಬಾಗಲಾ ನಾ ನೋಡ್ಕೋತೇನಿ." ಹೇಳಿದರೇ ಹೊರತು ಹೋಗಲಿಲ್ಲ. ನನ್ನ ಹೆಗಲ ಮೇಲಿಂದ ಬೆಲ್ಟಿಗೆ ಬಾಗಿ ನಿಂತಿದ್ದಾರೆ, ಅವರಿಗೂ ನೋಡಬೇಕು.

ಇಪ್ಪತ್ತೊಂಬತ್ತು. ಮೂವತ್ತು. ಮಾವನ ಚಪ್ಪಲಿ ಸದ್ದು ಬಾಗಿಲಲ್ಲಿ ನಿಂತಿತು. ತಿರುಗಿ ನೋಡಲಿಲ್ಲ. ಮೂವತ್ತೊಂದು. ಮುಂದೆ ಅತ್ತೆಯ ನೆರಳು ಬಿದ್ದಿದೆ. ಏನೂ ಕಾಣುತ್ತಿಲ್ಲ.

"ಬ್ಯಾಡ್ರಿ ಅತ್ತಿ, ಅಲ್ಲಿ ನಿಂದರಬ್ಯಾಡ್ರಿ. ಸ್ವಲ್ಪ ಸರೀರಿ" ಎಂದೆ.

ನಕ್ಕು ಸರಿದರು. ಮೂವತ್ತೆರ—