ಮಲಕಪ್ಪ ಬೇಡವೆಂದ ಹಾಳೆಗಳು

೯ ಸೆಪ್ಟೆಂಬರ್ ೧೯೬೩, ಸೋಮವಾರ

ಮತ್ತೆ ಮೋಡ. ಕಾಗದದ ಮಿಲ್ಲಿನಲ್ಲಿ ಹಾಳೆ ಆರಿಸುವ ಸಾರ್ಟಿಂಗ್ ಹಾಲ್‌ನಲ್ಲಿ ಬೆಳಕು ಸಾಲದು. ಮಲಕಪ್ಪ ಇವತ್ತೂ ಒಳ್ಳೆಯ ಹಾಳೆಗಳನ್ನೆಲ್ಲ ರದ್ದಿಗೆ ಹಾಕಿದ. ಸಾಸಿವೆಯಷ್ಟು ಕಲೆಯಿದ್ದರೂ ಹಿಡಿಯುತ್ತಿದ್ದವ. ಮಿಲ್ಲಿನಲ್ಲಿ ಅಂಥ ಕಣ್ಣು ಇನ್ನೊಂದಿಲ್ಲ. ನಾನು ಬೈದೆ. ಸೂಪರ್‌ವೈಜರ್ ಅಲ್ಲವೇ, ಬಾಯಿ ಮೊದಲು ಓಡುತ್ತದೆ. ಅವನು ಬೇಡವೆಂದ ಒಂದು ಹಾಳೆ ಮನೆಗೆ ತಂದೆ, ಅದರ ಮೇಲೇ ಬರೆಯುತ್ತಿದ್ದೇನೆ. ಎಲ್ಲಿದೆ ಕಲೆ?

೧೧ ಸೆಪ್ಟೆಂಬರ್, ಮಧ್ಯಾಹ್ನ

ಮಲಕಪ್ಪನ ಪಕ್ಕಕ್ಕೆ ಹೋಗಿ ಕೇಳಿಯೇಬಿಟ್ಟೆ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಸಿದ್ದಕ್ಕ ಕಾಣಸ್ತಾಳ್ರಿ, ಶೇಖಪ್ಪನವರ. ಬುತ್ತಿ ಹಿಡಕೊಂಡು ಬರಾಕತ್ತಾಳ. ಆಕೀನ್ನ ಹೆಂಗ ಹಾಳಿ ಜೋಡಿ ಗಂಟು ಕಟ್ಟಿ ಮಾರಾಕ ಕಳಸ್ಲಿ?"

ಸಿದ್ದಕ್ಕ ಅವನ ಮಗಳು. ಒಂಬತ್ತು ವರ್ಷ. ದಿನಾ ಗೇಟಿಗೆ ಬುತ್ತಿ ತರುತ್ತಿದ್ದಳು. ಶ್ರಾವಣದಲ್ಲಿ ಜ್ವರ ಬಂದು ತೀರಿಹೋದಳು... ಮೂರನೆಯ ದಿನಕ್ಕೇ ಅವನನ್ನು ಕೆಲಸಕ್ಕೆ ಕರೆಸಿದ್ದು ನಾನೇ. ನಾಚಿಕೆಯಾಯಿತು.

೧೨ ಸೆಪ್ಟೆಂಬರ್

ಮ್ಯಾನೇಜರ್ ಸಾಹೇಬರು ಕರೆದರು. ತಲೆ ಕೆಟ್ಟವನನ್ನು ಇಟ್ಟುಕೊಳ್ಳಲಾಗದು, ಹೆಸರು ತೆಗೆಯಿರಿ ಎಂದರು. ಕೆಲಸ ಹೋದರೆ ಕ್ವಾರ್ಟರ್ಸೂ ಹೋಯಿತು. ಅವನ ಹೆಂಡತಿ ಕೆಂಚವ್ವ, ಇನ್ನೆರಡು ಮಕ್ಕಳು...

ನಾನು ಅಂದೆ: "ಸಾಹೇಬ್ರ, ಮಷೀನ್ ಬಿಸಿ ಆದ್ರ ನಿಲ್ಲಿಸಿ ಆರಾಕ ಬಿಡ್ತೇವಿ. ಗುಜರಿಗೆ ಹಾಕೂದಿಲ್ಲ. ಆ ಕಣ್ಣು ತಯಾರಾಗಾಕ ನಾಕು ವರ್ಷ ಹಿಡದೈತ್ರಿ."

ಸಾಹೇಬರು ಪೆನ್ನು ಕೆಳಗಿಟ್ಟರು. "ಒಂದು ತಿಂಗಳು ಹಗುರ ಕೆಲಸ ಕೊಡಿ. ಪಗಾರ ಕಡಿತ ಬೇಡ. ಜವಾಬ್ದಾರಿ ನಿಮ್ಮದು."

೨೬ ಸೆಪ್ಟೆಂಬರ್

ಮಲಕಪ್ಪ ಈಗ ಹೊಳೆಯ ಕಡೆಯ ಕಾಗದಕ್ಕೆ ಬಿದಿರು ಒಟ್ಟುವ ಅಂಗಳದಲ್ಲಿ. ಊಟದ ಹೊತ್ತಿಗೆ ನಾನೂ ಹೋಗುತ್ತೇನೆ. ಅವನು ಸಿದ್ದಕ್ಕನ ಮಾತಾಡುತ್ತಾನೆ, ನಾನು ರೊಟ್ಟಿ ಮುರಿಯುತ್ತೇನೆ. ಬಿಸಿಲಲ್ಲಿ ಕಾಳಿ ಹೊಳೆ ನಿಂತಲ್ಲೇ ನಿಂತ ಹಾಗೆ... ನಾವಿಬ್ಬರೇ ಮೆಲ್ಲಗೆ ಎಲ್ಲಿಗೋ ತೇಲುತ್ತಿದ್ದೇವೆ ಅನಿಸುತ್ತದೆ. ಇವತ್ತು ಅವನು ಮೊದಲ ಸಲ ಅತ್ತ. ಊಟದ ಹೊತ್ತು ಮುಗಿಯಿತೆಂದು ಮಿಲ್ಲಿನ ಭೋಂಗಾ ಕೂಗಿದ್ದು ಇಬ್ಬರಿಗೂ ಕೇಳಲಿಲ್ಲ.

೧೪ ಅಕ್ಟೋಬರ್, ಸಂಜೆ

ಹಾಲ್‌ಗೆ ಮಲಕಪ್ಪ ತಿರುಗಿ ಬಂದ. ಒಳ್ಳೆಯ ಬಿಸಿಲು. ಎಲ್ಲೆಲ್ಲೂ ಹಾಳೆಗಳ ಬಿಳುಪು — ಮುಗಿಲೊಳಗೆ ನಿಂತ ಹಾಗೆ. ಸಾಹೇಬರು ಬಾಗಿಲಲ್ಲಿ. ಮಲಕಪ್ಪ ಸರಸರ ಆರಿಸಿದ. ಕಲೆಯಿದ್ದದ್ದು ರದ್ದಿಗೆ, ಇಲ್ಲದ್ದು ಮೇಜಿಗೆ. ಆಮೇಲೆ ಒಂದಕ್ಕೆ ಕೈ ನಿಂತಿತು. ಬೆಳಕಿಗೆ ಹಿಡಿದ. ನಾನು ಹತ್ತಿರ ಹೋದೆ.

"ಅದಾಳೇನಪಾ?" ಮೆಲ್ಲಗೆ ಕೇಳಿದೆ.

"ಅದಾಳ್ರಿ. ಆದ್ರ ಹಾಳಿ ಚೊಲೊ ಐತಿ."

ಒಳ್ಳೆಯ ಹಾಳೆಗಳ ಮೇಲಿಟ್ಟ. ಅಂಗೈಯಿಂದ ಒಮ್ಮೆ ಸವರಿದ. ಮುಂದಿನದಕ್ಕೆ ಕೈ ಹಾಕಿದ.

ನಾನು ಕಿಟಕಿಯ ಕಡೆ ತಿರುಗಿ, ಸಾಹೇಬರಿಗೆ ಕಾಣದ ಹಾಗೆ ಕಣ್ಣೊರೆಸಿಕೊಂಡೆ.