ಉಪವಾಸ ಮಾಡುವ ಗಾಜು

ಮಾರ್ಚ್ 14, ಬೆಳಿಗ್ಗೆ 6
ಹುಣ್ಣಿಮೆ. ಉಪವಾಸ. ನೀರು ತುಂಬಿಸಿ, ಬಾಗಿಲ ಮುಂದೆ ಗುಡಿಸಿ, ದೇವರಿಗೆ ದೀಪ ಹಚ್ಚಿದೆ. ತಾರಸಿಯನ್ನೂ ಒರೆಸಿದೆ — ಧೂಳಿದ್ದರೆ ನನ್ನ ಟೆಲಿಸ್ಕೋಪಿಗೆ ಆಗದು. ಇನ್ನು ಕನ್ನಡಕದ ಅಂಗಡಿಗೆ, ಗಾಜು ಉಜ್ಜುವ ಕೆಲಸಕ್ಕೆ.

ಸಂಜೆ 7.40
ಬೀದಿದೀಪ ನೇರ ತಾರಸಿಗೆ. ಮೇಲೆ ತುಂಬು ಚಂದ್ರ. ಟ್ರೈಪಾಡ್ ಹೊತ್ತು ತಂದ ಇವರು, "ಇಂಥ ಬೆಳಕಲ್ಲಿ ಏನು ಸಿಗುತ್ತೆ, ಸೊಳ್ಳೆ?" ಎಂದರು. ಕ್ಯಾಮೆರಾಕ್ಕೆ ಹೊಸ ಫಿಲ್ಟರ್ ಕೂರಿಸಿದೆ. ಆಕಾಶದ ಅನಿಲಮೋಡಗಳಲ್ಲಿ ಹೈಡ್ರೋಜನ್ ಸೂಸುವ ಒಂದೇ ಒಂದು ಕೆಂಪನ್ನು ಒಳಗೆ ಬಿಡುತ್ತದೆ. ಮಿಕ್ಕ ಬೆಳಕಿಗೆಲ್ಲ ಬಾಗಿಲು ಬಂದ್. ಐದೈದು ನಿಮಿಷದ ಮೂವತ್ತಾರು ಫೋಟೋ... ಶುರು.

ಮಾರ್ಚ್ 16
ಮೂವತ್ತಾರನ್ನೂ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿದೆ. ಬಂತು! ಗುಲಾಬಿ ನೀಹಾರಿಕೆ, ಹೂವಿನಂಥ ಆ ಅನಿಲಮೋಡ, ಎಸಳು ಎಸಳಾಗಿ — ಕಪ್ಪುಬಿಳುಪಿನಲ್ಲೇ. ಕೈ ಮುಗಿದೆ.
ಖಗೋಳ ಸಂಘದ ಪ್ರದರ್ಶನಕ್ಕೆ ಅರ್ಜಿ ತುಂಬಿದೆ. ಅದರಲ್ಲಿ 'ಚಂದ್ರನ ಸ್ಥಿತಿ' ಎಂಬ ಕಾಲಂ. ನಾದಿನಿ ಇಣುಕಿದಳು. "ಅಮಾವಾಸ್ಯೆ ಅಂತ ಬರೀರಿ ಅತ್ತಿಗೆ. ಹುಣ್ಣಿಮೆ ಅಂದ್ರೆ ಯಾರೂ ನಂಬಲ್ಲ."
"ಉಪವಾಸ ಇದ್ದು ತೆಗೆದದ್ದು ಕಣೇ. ಸುಳ್ಳು ಬರೆದು ಪುಣ್ಯ ಕಳ್ಕೊಳ್ಳಲಾ?"
ಹುಣ್ಣಿಮೆ ಎಂದೇ ಬರೆದೆ.

ಮಾರ್ಚ್ 29
ಸಂಘದ ಕಾರ್ಯದರ್ಶಿಯ ಪತ್ರ. 'ಊರ ನಡುವೆ, ಹುಣ್ಣಿಮೆಯಲ್ಲಿ ಇದು ಅಸಾಧ್ಯ. ಬೇರೆಯವರ ಚಿತ್ರವೆಂಬ ಅನುಮಾನವಿದೆ. ಪ್ರದರ್ಶನದಿಂದ ಕೈಬಿಟ್ಟಿದ್ದೇವೆ.'
ಕಳ್ಳಿ ಎಂದ ಹಾಗಾಯಿತು. ಊಟ ಸೇರಲಿಲ್ಲ.
ಸಂಜೆ ಬರೆದು ಹಾಕಿದೆ: 'ಏಪ್ರಿಲ್ 12 ಹುಣ್ಣಿಮೆ. ನಮ್ಮ ತಾರಸಿಗೆ ಬನ್ನಿ. ನಿಮ್ಮ ಕಣ್ಣೇ ಸಾಕ್ಷಿ.'

ಏಪ್ರಿಲ್ 12, ರಾತ್ರಿ 9.30
ಕಾರ್ಯದರ್ಶಿ ಬಂದರು! ಕನ್ನಡಕದ ತುಂಬ ಬೆರಳಚ್ಚು. ಒರೆಸಲು ನನ್ನ ಕೈ ತುರಿಸಿತು. ಫಿಲ್ಟರ್ ತೋರಿಸಿದೆ.
"ಮೊದಲು ಫಿಲ್ಟರ್ ಇಲ್ಲದೆ ತೆಗೀರಿ" ಎಂದರು. ತೆಗೆದೆ. ಪರದೆ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ.
"ನೋಡಿದ್ರಾ? ನಾ ಹೇಳ್ಲಿಲ್ವಾ?"
"ಎಲ್ಲಿ ಸಾರ್, ಇನ್ನೂ ಅಡುಗೇನೇ ಆಗಿಲ್ಲ, ಕೈ ತೊಳೀತೀರಲ್ಲ!"
ಫಿಲ್ಟರ್ ಹಾಕಿದೆ. ಐದು ನಿಮಿಷದ ಒಂದೇ ಫೋಟೋ. ನನ್ನ ನಾಲಿಗೆಯಲ್ಲಿ ದೇವರ ಹೆಸರು. ಪರದೆ ಕಪ್ಪಾಗಿ ಬಂತು. ನಡುವೆ, ಮಸುಕಾಗಿ, ಎಸಳಿನ ಉಂಗುರ.
ಕನ್ನಡಕ ತೆಗೆದರು. ಹಾಕಿದರು. ಬಗ್ಗಿದರು. "ಚಂದ್ರ ಎಲ್ಲಿ ಹೋದನಮ್ಮಾ?"
"ಇದು ಉಪವಾಸ ಮಾಡೋ ಗಾಜು ಸಾರ್. ಸಿಕ್ಕಿದ್ದನ್ನೆಲ್ಲ ತಿನ್ನಲ್ಲ."
"ಯಜಮಾನಿ ಥರಾನೇ" ಎಂದರು ಇವರು. "ಹಟಾನೂ ಅಷ್ಟೇ!"
ಕಾರ್ಯದರ್ಶಿ ನಗಲಿಲ್ಲ. "ಇಂಥ ಫಿಲ್ಟರ್ ಬಗ್ಗೆ ಓದಿದ್ದೆ, ನಂಬಿರಲಿಲ್ಲ. ತಪ್ಪು ನಂದು."
"ಅದಿರಲಿ, ಆ ಕನ್ನಡಕ ಇತ್ತ ಕೊಡಿ. ಒರೆಸ್ಕೊಡ್ತೀನಿ."
ಗೆದ್ದೆ. ಚಂದ್ರನಿಗೆ ಕೈ ಮುಗಿದು ಊಟಕ್ಕೆ ಕೂತೆ. ಏನು ಹಸಿವು!

ಏಪ್ರಿಲ್ 15
ಸಂಘದ ಪತ್ರ. ನನ್ನ ಗುಲಾಬಿ ಪ್ರದರ್ಶನದ ಬಾಗಿಲಲ್ಲೇ, ಎಲ್ಲಕ್ಕಿಂತ ಮುಂದೆ! ಸದಸ್ಯರಿಗೆಲ್ಲ ನಾನೇ ಕಲಿಸಬೇಕಂತೆ. ಏಳನೇ ಕ್ಲಾಸಿಗೇ ಓದು ಬಿಟ್ಟವಳು... ನಾನು! 'ಯಾವ ದಿನ ಅನುಕೂಲ, ತಿಳಿಸಿ' ಎಂದಿದ್ದಾರೆ. ನಾದಿನಿಯ ಕೈಯಲ್ಲಿ ಎರಡು ಸಲ ಓದಿಸಿದೆ, ಬೇಕೆಂದೇ.
ಉತ್ತರ ಬರೆದು, ಕವರ್ ಅಂಟಿಸಿ, ದೇವರ ಮುಂದಿಟ್ಟು ಕೊಟ್ಟೆ. ಪೋಸ್ಟ್ ಮಾಡಲು ಇವರು ಚಪ್ಪಲಿ ಮೆಟ್ಟುತ್ತಿದ್ದಾರೆ...
ಅಯ್ಯೋ, ದಿನವನ್ನೇ ಬರೆಯಲಿಲ್ಲ! ಹುಣ್ಣಿಮೆಯಲ್ಲದೆ ಇನ್ಯಾವುದು! ರೀ, ನಿಲ್ಲಿ, ನನ್ನ ಉತ್ತರ ಇತ್ತ ತನ್ನಿ, ಒಂದೇ ಒಂದು ಪದ —