ಮದರಂಗಿ ಒಣಗುವಾಗ ಬರೆಸಿದ ಪುಟ

ಓಝರ್, ನಾಶಿಕ್ ಜಿಲ್ಲೆ
೧೨ ಜನವರಿ ೨೦೨೬

ಪ್ರೀತಿಯ ಸಂಗಮಣ್ಣಾ,

ಹೇಗಿದ್ದೀಯಾ? ಕೆಮ್ಮು ಹೋಯಿತಾ? ಮಾತ್ರೆಯನ್ನು ನುಂಗುತ್ತಿದ್ದೀಯಾ, ಇಲ್ಲಾ ಮತ್ತೆ ದಿಂಬಿನ ಕೆಳಗೆ ಬಚ್ಚಿಡುತ್ತಿದ್ದೀಯಾ? (ಅವ್ವಾ, ಅಣ್ಣನಿಗೆ ನಿಧಾನವಾಗಿ ಓದಿ ಹೇಳು. ನಡುವೆ ಏನನ್ನೂ ಬಿಡಬೇಡ.)

ನಾನಿಲ್ಲಿ ಎಷ್ಟು ಸುಖವಾಗಿದ್ದೇನೆ ಅಂದರೆ ನನಗೇ ನಾಚಿಕೆ! ವಿಮಾನ ಕಾರ್ಖಾನೆಗೆ ಹೊರಡುವ ಮೊದಲು ಉತ್ಕರ್ಷ ತಾನೇ ಚಹಾ ಮಾಡುತ್ತಾನೆ, ಸಕ್ಕರೆ ಮರೆಯುತ್ತಾನೆ, ನಾನು ಹೊಗಳಿ ಹೊಗಳಿ ಕುಡಿಯುತ್ತೇನೆ. ಮನೆಯ ಮೇಲೆಯೇ ವಿಮಾನಗಳು ಹಾರುತ್ತವೆ ಅಣ್ಣಾ, ನೀನಿದ್ದಿದ್ದರೆ ಚಪ್ಪಾಳೆ ತಟ್ಟುತ್ತಿದ್ದೆ. ಆದರೆ ಮದುವೆಯಾಗಿ ಏಳು ವಾರವಾಯಿತು, ನೀನು ಒಮ್ಮೆಯೂ ನನ್ನ ಫೋನಿಗೆ ಬಂದಿಲ್ಲ. 'ಅಂವಾ ಅಂಗಡ್ಯಾಗ ಅದಾನ' ಎನ್ನುತ್ತಾಳೆ ಅವ್ವ. ಪಕ್ಕದಲ್ಲೇ ನಿನ್ನ ಕೆಮ್ಮು ಕೇಳಿಸುತ್ತದೆ.

ಯಾಕೆಂದು ನನಗೆ ಗೊತ್ತು. ತಾನಿಲ್ಲದ ಮೇಲೂ ನಿನಗೆ ಕೊರತೆಯಾಗಬಾರದೆಂದು ಅಪ್ಪ ದೌಲತಾಬಾದಿನ ನಮ್ಮ ಟೊಪ್ಪಿಗೆ ಅಂಗಡಿಯನ್ನು ನಿನ್ನ ಹೆಸರಿನ ಟ್ರಸ್ಟಿಗೆ ಬರೆಯುತ್ತಿದ್ದಾನೆ. ಮುಂದೆ ಅದನ್ನು ನಡೆಸುವವಳು ನಾನು. ನೀನು ಹೇಗೆ ಬದುಕಬೇಕೆಂದು ಒಂದು ಪುಟ ಬರೆದುಕೊಡಲು ವಕೀಲರು ಹೇಳಿದ್ದರು. ಅದನ್ನು ಬರೆಸಿದ ದಿನ ನನ್ನ ಎರಡೂ ಕೈ ತುಂಬ ಮದುವೆಯ ಹಸಿ ಮದರಂಗಿ. ನೀನು ಪಕ್ಕದಲ್ಲಿ ಕೂತು ಲಗ್ನಪತ್ರಿಕೆಯಿಂದ ಗಾಳಿ ಬೀಸುತ್ತಿದ್ದೆ. ನಾನು ಹೇಳುತ್ತಾ ಹೋದೆ, ಅಪ್ಪ ಬರೆದುಕೊಂಡ: ಊಟ, ಬಟ್ಟೆ, ಔಷಧ, ಅಪ್ಪ ಅವ್ವನ ನಂತರ ಒಳ್ಳೆಯ ಹಾಸ್ಟೆಲ್. ಬೀಸುವುದು ನಿಂತಿತು. 'ನಾ ಎಲ್ಲಿ ಹೋಗ್ಬೇಕ?' ಎಂದೆ ನೀನು. 'ಬೀಸೋ ಅಣ್ಣಾ, ಬಣ್ಣ ಕೆಡ್ತದ' ಎಂದು ನಾನು ನಕ್ಕುಬಿಟ್ಟೆ. ನೀನು ಮತ್ತೆ ಬೀಸಿದೆ.

ಬಣ್ಣ ಚೆನ್ನಾಗಿಯೇ ಬಂತು. ಎಲ್ಲರೂ ಹೊಗಳಿದರು.

ಆ ಪುಟ ಈಗ ಟೈಪಾಗಿ ಇಲ್ಲಿಗೆ ಬಂದಿದೆ. ಬೆಳಿಗ್ಗೆ ಶಟರ್ ಎತ್ತುವವನು ನೀನೇ ಎಂದು ಅದರಲ್ಲಿಲ್ಲ. ಕೆಂಪು ಟೊಪ್ಪಿಗೆಗಳನ್ನು ಮೇಲಿನ ಸಾಲಿಗೇ ತೂಗುಹಾಕುತ್ತೀಯ, ಬೇರೆಯವರು ಮುಟ್ಟಿದರೆ ಆ ದಿನ ಊಟ ಬಿಡುತ್ತೀಯ ಎಂದೂ ಇಲ್ಲ. 'ಹಾಸ್ಟೆಲ್ ಬೇಕಂತ ಅಣ್ಣಾರೇ ಹೇಳಿದ್ರೇನು?' ಎಂದು ಉತ್ಕರ್ಷ ಕೇಳಿದ. ನಾನು ಎದ್ದು ಹೋಗಿ ತೊಳೆದಿಟ್ಟ ಕಪ್ಪನ್ನೇ ಮತ್ತೆ ತೊಳೆದೆ. ಮದುವೆಯ ಸಂಭ್ರಮದಲ್ಲಿ ನಿನ್ನನ್ನೊಂದು ಮಾತು ಕೇಳಲಿಲ್ಲವಲ್ಲ ಅಣ್ಣಾ!

ಅಪ್ಪ ಅವ್ವನಿಗೆ ನಮ್ಮಿಬ್ಬರ ನಮಸ್ಕಾರ. ನಿನಗೆಂದು ಒಣದ್ರಾಕ್ಷಿ ಎತ್ತಿಟ್ಟಿದ್ದೇನೆ.

ನಿನ್ನ ತಂಗಿ,
ವೈಷ್ಣವಿ

ತಾ.ಕ.: ಶುಕ್ರವಾರ ಸಂಭಾಜಿನಗರದಲ್ಲಿ ವಕೀಲರ ಹತ್ತಿರ ಸಹಿ ಇದೆ. ಆ ಪುಟವನ್ನು ನಾನು ಹರಿದುಹಾಕಿದೆ. ಬೆಳಿಗ್ಗೆ ಮೊದಲು ಅಂಗಡಿಗೇ ಬರುತ್ತೇನೆ. ಶಟರ್ ಎತ್ತಿದ ಮೇಲೆ, ಎಲ್ಲಿರಬೇಕು, ಹೇಗಿರಬೇಕು, ನೀನು ಹೇಳು, ನಾನು ಬರೆಯುತ್ತೇನೆ. ನನ್ನ ಮೇಲಿನ ಸಿಟ್ಟು ಹೋಗದಿದ್ದರೆ ಅವ್ವನ ಕಡೆ ತಿರುಗಿ ಹೇಳು. ನಾನು ಕೇಳಿಸಿಕೊಂಡು ಬರೆಯುತ್ತೇನೆ.